ಹೆಸರಿಗೆ ಚಳಿಯಿಲ್ಲ

ತಸಿಯಾಲುಕ್
ಏಪ್ರಿಲ್ ೧೪

ಸಂಸದೆ ಉವಿಲುಕ್ ಅವರಿಗೆ,

‘ಹೆಸರಿಗೆ ಚಳಿಯಿಲ್ಲ, ಮೈ ಬದಲಿಸಿ ನಡೆಯುತ್ತದೆ...’ ಅಮ್ಮ ತನಗಾಗಿ ಕಟ್ಟಿಕೊಂಡಿದ್ದ ಹಾಡಿನ ಸಾಲು. ಮುಂದಿನದು ನೆನಪಿಲ್ಲ. ಹಾಡುವಾಗ ಚಂದ, ಆದರೆ ನಿಜವೇ? ಹೆಸರಿಗೆ ಚಳಿಯಾಗದಿರಬಹುದು. ಆ ಹೆಸರನ್ನು ಕರೆಯುತ್ತ ಬಯಲಲ್ಲಿ ನಿಂತವನಿಗೆ ಆಗುತ್ತದೆ.

ಉತ್ತರ ತಡವಾಯಿತು, ಕ್ಷಮಿಸಿ. ತಪ್ಪನ್ನು ವಿಮಾನದ ಮೇಲೆ ಹಾಕುವಂತಿಲ್ಲ. ಈ ತಿಂಗಳು ಟಪಾಲು ಸರಿಯಾಗಿಯೇ ಬರುತ್ತಿದೆ. ಬರೆಯಲು ಕೂತಾಗಲೆಲ್ಲ ಕೈ ತಾನಾಗಿ ‘ಪುಟ್ಟಮ್ಮ’ ಎಂದು ಆರಂಭಿಸುತ್ತಿತ್ತು, ಹರಿದು ಹಾಕುತ್ತಿದ್ದೆ. ಅಮ್ಮ ತೀರಿಹೋದ ಮರುವಸಂತದಲ್ಲಿ ಕೊಲ್ಲಿಯಾಚೆಯ ಊರಿನಲ್ಲಿ ನೀವು ಹುಟ್ಟಿದಿರಿ, ಅಮ್ಮನ ಹೆಸರು ನಿಮಗೆ ಬಂತು, ಹೆಸರಿನೊಡನೆ ಅಮ್ಮನೂ ಬಂದಳು. ತಾಯಿಯ ಬೆನ್ನಚೀಲದಲ್ಲಿ ಮಲಗಿದ್ದ ಕೂಸನ್ನು ‘ಅಮ್ಮ’ ಎನ್ನಲು ನನಗೆ ಆ ವಯಸ್ಸಿನಲ್ಲೂ ನಾಚಿಕೆಯಾಗಲಿಲ್ಲ. ಅಪ್ಪನಿಗಂತೂ ಅಂದಿನಿಂದಲೇ ನೀವು ಹೆಂಡತಿ. ಸೀಲ್ ಪ್ರಾಣಿಯನ್ನು ಬೇಟೆಯಾಡಿ ತಂದಾಗಲೆಲ್ಲ ಹೆಂಡತಿಯ ಪಾಲು ತೆಗೆದಿಟ್ಟು, ವಿಮಾನದವರ ಕೈಗೆ ಕೊಟ್ಟು ಕಳಿಸುತ್ತಿದ್ದ. ಅದನ್ನು ತಿಂದೇ ನೀವು ಬೆಳೆದದ್ದು.

ಈಗ ನಿಮ್ಮ ಕಚೇರಿಯವರು ಬರೆದಿದ್ದಾರೆ: ನೀವು ಗರ್ಭಿಣಿ, ಹುಟ್ಟುವ ಮಗುವಿಗೆ ನನ್ನಪ್ಪನ ಹೆಸರು, ನುತಾರಾಕ್ ಎಂದು, ಇಡಬೇಕಂತೆ, ನನ್ನ ಒಪ್ಪಿಗೆ ಬೇಕಂತೆ. ‘ಸಂಸದೆಯವರಿಗೆ ಇದು ಮನಸ್ಸಿಗೆ ಬಹಳ ಹತ್ತಿರದ ವಿಷಯ’ ಎಂದೂ ಸೇರಿಸಿದ್ದಾರೆ. ಆ ಹತ್ತಿರವನ್ನು ನಾನು ನೋಡಿದ್ದೇನೆ. ಒಪ್ಪಿಗೆ ಇಲ್ಲ.

ಯಾಕೆಂದು ಕೇಳುವಿರಾದರೆ ಚುನಾವಣೆಯಿಂದ ಆರಂಭಿಸುತ್ತೇನೆ. ಅಪ್ಪನ ಕೈ ಹಿಡಿದು ನಗುವ ನಿಮ್ಮ ಚಿತ್ರ ಕ್ಷೇತ್ರದ ಪ್ರತಿ ಅಂಗಡಿಯ ಬಾಗಿಲಲ್ಲೂ ಅಂಟಿತ್ತು. ನಮ್ಮ ಊರಿನ ರೇಡಿಯೋದಲ್ಲಿ ನೀವಂದದ್ದು ಇನ್ನೂ ಕಿವಿಯಲ್ಲಿದೆ: “ನನ್ನ ಗಂಡನ ಊರಿನವ್ರೇ, ಸೊಸೆ ಕೈ ಬಿಡ್ತೀರಾ?” ನಿಮ್ಮ ಎದುರಾಳಿ ಯೋಗ್ಯನೆಂದು ಎಲ್ಲರಿಗೂ ಗೊತ್ತಿತ್ತು. ಬೂಸಲು ಹಿಡಿದ ನಮ್ಮ ಮನೆಗಳಿಗಾಗಿ ವರ್ಷಗಟ್ಟಲೆ ಜಗಳವಾಡಿದವನು. ಆದರೂ ಮುದುಕನ ಕಣ್ಣೆದುರಿಗೆ ಅವನ ಹೆಂಡತಿಯ ವಿರುದ್ಧ ಮತ ಹಾಕುವುದು ಹೇಗೆ? ದಕ್ಷಿಣದ ನಗರಗಳವರು ನಕ್ಕಾರು, ನಮಗೆ ಅದು ನಿಜವಾದ ಸಂಕೋಚ. ಮತಗಟ್ಟೆಯ ಸಾಲಿನಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ.

“ಹೆಂಡ್ತಿಗೆ ವೋಟು ಹಾಕ್ದೆ ಮನೆಗೆ ಹೋದ್ರೆ ಟೀ ಸಿಗುತ್ತೇನ್ರೋ?” ಎಂದು ಎಲ್ಲರನ್ನೂ ನಗಿಸಿದ.

ಪಕ್ಕದ ಮನೆಯ ರಿಪೀಕಾ ಸುಮ್ಮನಿರುವವಳಲ್ಲ. “ಏ ಮುದುಕಾ, ಇಷ್ಟು ಚಿಕ್ಕ ಪ್ರಾಯದೋಳನ್ನ ಕಟ್ಕೊಂಡಿದೀಯ. ಗೆದ್ದ ಮೇಲೆ ಓಡಿಹೋಗ್ತಾಳೆ, ನೋಡ್ತಿರು!”

“ಓಡ್ಲಿ ಬಿಡು, ಹೊಟ್ಟೆ ಹಸಿದಾಗ ಬರ್ತಾಳೆ” ಎಂದ ಅಪ್ಪ.

ನೀವು ಗೆದ್ದಿರಿ, ಕೂದಲೆಳೆಯಲ್ಲಿ. ಆ ಎಳೆ ನಮ್ಮ ಊರು.

ಊರಿಂದ ಊರಿಗೆ ರಸ್ತೆಯಿಲ್ಲದ ಇಷ್ಟು ದೊಡ್ಡ ಕ್ಷೇತ್ರಕ್ಕೆ ಒಟ್ಟಾವಾದ ಸಂಸತ್ತಿನಲ್ಲಿ ಇರುವುದೊಂದೇ ಕುರ್ಚಿ, ಎಲ್ಲ ಕಡೆ ಬರಲಾಗುವುದಿಲ್ಲ ಎನ್ನುತ್ತೀರಿ. ಗೊತ್ತು. ಮತ ಕೇಳಲು ಬಂದಾಗಲೂ ಕ್ಷೇತ್ರ ಇಷ್ಟೇ ದೊಡ್ಡದಿತ್ತು.

ಫೆಬ್ರುವರಿಯಲ್ಲಿ ಬರುತ್ತೀರೆಂದು ರೇಡಿಯೋ ಹೇಳಿತು. ಚಳಿಗಾಲದ ಆರಂಭದಲ್ಲಿ ಬಲೆಗೆ ಬಿದ್ದ ಅತಿ ದೊಡ್ಡ ಚಾರ್ ಮೀನನ್ನು ಅಪ್ಪ ಯಾರಿಗೂ ಮುಟ್ಟಗೊಡದೆ ಹೊರಜಗಲಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ. ಅದನ್ನು ಚೀಲಕ್ಕೆ ಹಾಕಿ, ಕ್ಯಾರಿಬೂ ಜಿಂಕೆಯ ಚರ್ಮದ ಹಳೆಯ ಅಂಗಿ ತೊಟ್ಟು, ವಿಮಾನ ನಿಲ್ದಾಣದ ಬೇಲಿಯ ಹತ್ತಿರ ನಿಂತ. ಒಳಗೆ ಕೂರಪ್ಪಾ ಎಂದರೆ, “ಅವಳಿಗೆ ನನ್ನ ಅಂಗಿ ದೂರದಿಂದ್ಲೇ ಗುರುತು” ಎಂದ. ವಿಮಾನ ಇಳಿಯಿತು. ನೀವು ಮೆಟ್ಟಿಲ ಮೇಲೆ ನಿಂತು ಪುರಸಭೆಯವರೊಂದಿಗೆ ಚಿತ್ರ ತೆಗೆಸಿಕೊಂಡಿರಿ. ಇಂಧನ ತುಂಬಿತು, ಬಾಗಿಲು ಮುಚ್ಚಿತು.

“ಅವಳು ಹೋದ್ಲಪ್ಪಾ, ಬಾ.”

“ಹೋದ್ಲೆಲ್ಲಿ? ಒಂದು ಸುತ್ತು ಹೊಡೆದು ಬರ್ತಾಳೆ. ಮೊದಲಿಂದ್ಲೂ ಹಾಗೇ, ಒಂದು ಕಡೆ ನಿಲ್ಲೋಳಲ್ಲ.”

ಸಂಜೆ ಬೀಳುವವರೆಗೂ ಅಲ್ಲಾಡಲಿಲ್ಲ. ಹವೆ ಕೆಟ್ಟಿತ್ತೆಂದು ಆಮೇಲೆ ಹೇಳಿ ಕಳಿಸಿದಿರಿ. ಗುಡ್ಡದ ತುದಿ ಕಾಣುವ ದಿನವನ್ನು ಇಲ್ಲಿ ಯಾರೂ ಕೆಟ್ಟ ಹವೆ ಎನ್ನುವುದಿಲ್ಲ. ಅಂದು ಗುಡ್ಡದ ಮೇಲಿನ ಕಲ್ಲುಗುಪ್ಪೆ ಕೂಡ ಕಾಣುತ್ತಿತ್ತು. ಆ ಚಳಿ ಅಪ್ಪನ ಎದೆಯಲ್ಲಿ ಕೂತಿತು, ಮಾರ್ಚಿನಲ್ಲಿ ಅವನನ್ನು ಒಯ್ದಿತು. ಮೀನು ಇನ್ನೂ ಜಗಲಿಯಲ್ಲಿದೆ.

ನಮ್ಮಲ್ಲಿ ಹೆಸರು ಅರ್ಜಿ ಹಾಕಿ ಪಡೆಯುವಂಥದ್ದಲ್ಲ, ಅದು ನಿಮಗೂ ಗೊತ್ತು. ಸತ್ತವರು ಯಾರದೋ ಕನಸಿಗೆ ಬಂದು ಬಾಯಾರಿಕೆ ಎನ್ನುತ್ತಾರೆ. ಯಾವ ಮನೆಯ ನೀರು ಬೇಡುತ್ತಾರೋ ಆ ಮನೆಯ ಕೂಸಿಗೆ ಆ ಹೆಸರು. ಅಪ್ಪ ಇನ್ನೂ ಯಾರ ಕನಸಿಗೂ ಬಂದಿಲ್ಲ. ದಿಂಬಿನ ಪಕ್ಕ ನೀರಿನ ಲೋಟ ಇಟ್ಟುಕೊಂಡೇ ಮಲಗುತ್ತಿದ್ದೇನೆ. ಹೆರುವ ಕಾಲ ಮುಗಿದವಳ ಮನೆಯಲ್ಲಿ ಅವನಿಗೇನು ಕೆಲಸ ಎನ್ನುವಿರಿ. ಹುಟ್ಟಿ ಬರುವುದು ಬೇಡ, ಒಂದು ಗುಟುಕು ಕುಡಿದು ಹೋಗಲಿ. ಅವನೇ ಬಾಯಿಬಿಟ್ಟು ಬೇಡುವವರೆಗೆ ಆ ಹೆಸರು ಯಾರಿಗೂ ಇಲ್ಲ. ಅವನ ಮುಖವನ್ನು ಒಂದು ಚುನಾವಣೆಗೆ ಕೊಟ್ಟಾಗಿದೆ. ಮುಂದಿನದಕ್ಕೆ ಹೆಸರನ್ನೂ ಕೊಡಲಾರೆ.

ಹೆರಿಗೆ ಸುಸೂತ್ರವಾಗಲಿ. ಮಗುವಿಗೆ ಹೊಟ್ಟೆ ತುಂಬ ಹಾಲು, ಕಾಲಿಗೆ ಬೆಚ್ಚನೆಯ ಬೂಟು, ಬೇರೆ ಯಾವುದಾದರೂ ಒಳ್ಳೆಯ ಹೆಸರು ಸಿಗಲಿ. ಇಷ್ಟನ್ನು ಮಾತ್ರ ಹರಸಬಲ್ಲೆ.

ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಶೀಪಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಕೊನೆಯ ಮಧ್ಯಾಹ್ನ ಅಪ್ಪ ಕಣ್ಣು ತೆರೆದು, “ಉವಿಲುಕ್, ಬಂದ್ಯಾ?” ಎಂದ. “ಬಂದೆ” ಎಂದೆ. ನನ್ನ ಕೈ ಹಿಡಿದು ದನಿ ತಗ್ಗಿಸಿದ: “ನಿನ್ನ ಮೀನು ಹೊರಗಿದೆ. ಶೀಪಾಗೆ ಕಾಣಿಸ್ದಂಗೆ ತಿನ್ನು, ಅವಳು ಬೈತಾಳೆ.” ಅದೇ ಕೊನೆಯ ಮಾತು. ಇಷ್ಟು ವರ್ಷ ಅವನ ಬೂಟು ಒಣಗಿಸಿದ ಕೈ ನನ್ನದು; ಅದನ್ನು ಹಿಡಿದುಕೊಂಡೇ ಅವನು ನಿನ್ನ ಹತ್ತಿರ ಮಾತಾಡಿ ಹೋದ.

ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ರಿಪೀಕಾ ಬಂದಳು, ಅದನ್ನೂ ಬರೆದೇ ಕಳಿಸುತ್ತೇನೆ. ಬೂಟಿನ ಹಿಮ ಕೊಡವಿದಳು, ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು:

“ಕೋಪ ಮಾಡ್ಕೋಬೇಡ ಕಣೇ. ನಿನ್ನಪ್ಪ ಕನಸಲ್ಲಿ ಬಂದಿದ್ದ. ಬಾಯಾರಿಕೆ ಅಂದ. ನಾನು ಲೋಟ ತಂದೆ, ಬೇಡ ಅಂದ. ಮಗಳು ದಿನಾ ನೀರಿಟ್ಕೊಂಡು ಕಾಯ್ತಾಳಲ್ಲಪ್ಪಾ, ಅಲ್ಲಿಗಾದ್ರೂ ಹೋಗು ಅಂದೆ. ತಲೆ ಅಲ್ಲಾಡಿಸ್ಬಿಟ್ಟ. ಹೆಂಡ್ತಿ ಮನೇಲೇ ಕುಡೀತೀನಿ, ಒಟ್ಟಾವಾ ವಿಮಾನ ಎಷ್ಟೊತ್ತಿಗೆ ಅಂತ ಕೇಳ್ದ.”