ಮೂವತ್ತೊಂದನೆಯ ಮಗು

ತಂಗೀ,

ತರಗತಿಗೆ ಮೂವತ್ತೇ ಮಕ್ಕಳಿರಬೇಕೆಂಬ ನಿಯಮವನ್ನು ಸರ್ಕಾರ ನಿನ್ನೆ ಹಿಂತೆಗೆದುಕೊಂಡಿತು. ನಿಮ್ಮ ಹೋರಾಟ ಗೆದ್ದಿತು. ಬಿದ್ದವಳು ನಾನು, ಮೀಸೆ ಇಲ್ಲದ್ದರಿಂದ ಮಣ್ಣಾಗುವ ಭಯವಿಲ್ಲ. ಪುಟ್ಟಿಯನ್ನು ಸೋಮವಾರವೇ ನಮ್ಮ ಶಾಲೆಗೆ ಸೇರಿಸಬಹುದು.

ಅಂದು ಗೇಟಿನ ಹೊರಗೆ, ಪಾಲಕರೆಲ್ಲರ ಮುಂದೆ ನಿಂತು ನೀನು, "ಸ್ವಂತ ತಂಗಿ ಮಗಳಿಗೇ ಬಾಗಿಲು ಹಾಕಿದ್ಯಲ್ಲ, ನೀನೆಂಥ ಅಕ್ಕ?" ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಮೂವತ್ತು ಸೀಟಿಗೆ ಚೀಟಿ ಎತ್ತಿದಾಗ ಪುಟ್ಟಿಯ ಹೆಸರು ಬರಲಿಲ್ಲ, ಅಷ್ಟೇ. ಮುಖ್ಯೋಪಾಧ್ಯಾಯಿನಿಯಾದರೂ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ಅಂದಿನಿಂದ ಬೀದಿಯಲ್ಲಿ ಯಾರೂ ನನ್ನನ್ನು ಮುಖ ಕೊಟ್ಟು ಮಾತಾಡಿಸಿಲ್ಲ. ತರಕಾರಿಯವಳೂ ತೂಗಿಕೊಟ್ಟು ಆಚೆ ತಿರುಗುತ್ತಾಳೆ. ಮನೆಯಲ್ಲಿ ರೇಡಿಯೊ ಮಾತಾಡುತ್ತದೆ.

ಆದರೂ ಆ ನಿಯಮ ಒಳ್ಳೆಯದೆಂದೇ ನಂಬಿದ್ದೇನೆ. ಕಳೆದ ವಾರ ಹಿಂದಿನ ಬೆಂಚಿನ ತೊದಲುವ ಹುಡುಗಿಯೊಬ್ಬಳು ಎದ್ದು ನಿಂತು ಪದ್ಯವನ್ನು ಪೂರ್ತಿ ಹೇಳಿದಳು. ಅವಳು ಮುಗಿಸುವವರೆಗೆ ಕಾಯಲು ನಮಗೆ ಪುರುಸೊತ್ತಿತ್ತು. ಇನ್ನು ಬೆಂಚಿಗೆ ಐವರನ್ನು ಕೂರಿಸಬೇಕು. ಕೂರಿಸುತ್ತೇನೆ.

ಶಾಲೆಯ ನಲ್ಲಿ ಕೆಟ್ಟಿದೆ, ಪುಟ್ಟಿಗೆ ನೀರು ಕೊಟ್ಟು ಕಳಿಸು. ದಾಖಲಾತಿಗೆ ಅವಳ ಅಪ್ಪ ಬಂದು ಸಹಿ ಹಾಕಿದರೂ ಸಾಕು. ತಾಯಿಯೇ ಬರಬೇಕೆಂಬ ನಿಯಮವೇನೂ ಇಲ್ಲ.

ಆದರೂ ನೀನೇ ಬಾ.

ನಿನ್ನ ಅಕ್ಕ