ಪಾತ್ರೆ ಬೆಳಗಿದ ಮಣ್ಣು

ಊರಿಗಾಂ, ಕೆ.ಜಿ.ಎಫ್.
೧೪ ನವೆಂಬರ್ ೧೯೮೮

ಮೈ ಡಿಯರ್ ಸೊಣ್ಣಪ್ಪ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಬೈಯಬೇಡ. ಪೆನ್ನು ಹಿಡಿದಾಗಲೆಲ್ಲ ‘ಐ ಆಮ್ ಕ್ವೈಟ್ ವೆಲ್ ಹಿಯರ್’ ಎಂದು ಶುರುಮಾಡಿ ನಿಲ್ಲಿಸುತ್ತಿದ್ದೆ. ಮುಂದಿನ ವಾಕ್ಯ ಬರುತ್ತಿರಲಿಲ್ಲ. ಮೊಮ್ಮಗಳಿಗೆ ಹೆಸರಿಟ್ಟಿರಾ?

ಮದರಾಸಿನ ಆಚೆ ನೀನು ಪರೀಕ್ಷೆ ಮಾಡುವ ಸಮುದ್ರದ ಹಿನ್ನೀರಿನ ಕೆಸರಿನಲ್ಲಿ ಕಾರ್ಖಾನೆಗಳ ಸೀಸ, ಪಾದರಸ ಸಿಕ್ಕಿದೆಯೆಂದು ಬರೆದಿದ್ದೆ. ಹೆವಿ ಮೆಟಲ್ಸ್! ಕಾಲೇಜಿನಲ್ಲಿ ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬಿಟ್ಟು, ತಳದಲ್ಲಿ ಕಪ್ಪಗೆ ಕೂತರೆ ಇಂಥ ಲೋಹ ಸಿಕ್ಕಿತೆಂದು ‘ಸೆಕೆಂಡ್ ಗ್ರೂಪ್’ ಎಂದು ಕೂಗುತ್ತಿದ್ದೆವಲ್ಲ? ಮಿಕ್ಕಿದ್ದೆಲ್ಲ ಮರೆತಿದೆ.

ನಮ್ಮ ಕೆರೆಯ ಕೆಸರನ್ನೂ ಕಳಿಸು ಎಂದಿದ್ದೆಯಲ್ಲ. ಹೋಗಿದ್ದೆ. ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ದಿಬ್ಬ ಮಳೆಗೆ ಕೊಚ್ಚಿ, ಕೆರೆಯಂಚೆಲ್ಲ ಬೂದುಬಣ್ಣ. ನನ್ನ ಜೊತೆ ಗಣಿಯಲ್ಲಿದ್ದ ಆರುಮುಗಂ ಗಾಳ ಹಾಕಿ ಕೂತಿದ್ದ. “ಚಿನ್ನ ತಿಂದ ಮೀನು ಸಾರ್! ಒಟ್ಟೆ ಕುಯ್ದ್ರೆ ಉಂಗುರ ಸಿಕ್ಕಿದ್ರೂ ಸಿಗ್ತದೆ, ತಗೊಂಡೋಗಿ,” ಎಂದ. ಈಗ ಮನೆಯಲ್ಲಿ ನಾನೊಬ್ಬನೇ, ನನಗೆ ಏನಪ್ಪಾ ಮೀನು ಎಂದೆ. ಆಮೇಲೆ ಅವನು ನಗಲಿಲ್ಲ.

ಪಕ್ಕದ ಮನೆ ಮುನಿರತ್ನಮ್ಮ ಮೊನ್ನೆ ನಮ್ಮ ಹಿತ್ತಾಳೆ ಬಿಂದಿಗೆ ನೋಡಿ, “ಏನಣ್ಣಾ, ಗಂಗಕ್ಕ ಓಗಿ ವರ್ಸ ಆಗ್ಲಿಲ್ಲ, ಬಿಂದಿಗೆನೂ ಸೂತಕ ಇಡ್ಕೊಂಡಂಗೈತೆ! ದಿಬ್ಬದ ಮಣ್ಣು ತಂದ್ಕೊಡು, ಬೆಳಗ್ಕೊಡ್ತೀನಿ,” ಎಂದಳು. ಬೇಡಮ್ಮ, ನೀನೂ ಮುಟ್ಟಬೇಡ ಎಂದೆ. ಯಾಕೆಂದು ಹೇಳಲಾಗಲಿಲ್ಲ.

ನಿನಗೆ ಹೇಳುತ್ತೇನೆ. ಗಣಿ ಕೆಲಸದವರ ಈ ಲೈನ್ ಮನೆಗಳ ಹೆಂಗಸರೆಲ್ಲ ಆ ಮಣ್ಣಿನಲ್ಲೇ ಪಾತ್ರೆ ಉಜ್ಜುವುದು. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ, ನಮ್ಮ ಮನೆಯವಳು ಗಂಗರತ್ನಮ್ಮನಿಗೆ ಚೀಲ ತುಂಬಿ ತಂದುಕೊಟ್ಟವನು ನಾನು. “ಮುಖ ಕಾಣ್ತದೆ ನೋಡ್ರಿ,” ಎಂದು ತಟ್ಟೆ ಎತ್ತಿ ಹಿಡಿಯುತ್ತಿದ್ದಳು. ಕಿಡ್ನಿ ಕೆಟ್ಟಿದೆ ಎಂದ ಡಾಕ್ಟರು ಯಾಕೆ ಕೆಟ್ಟಿತೆಂದು ಹೇಳಲಿಲ್ಲ. ಕೆಸರಿನ ವಿಷ ಕೈಯಿಂದ ಬಾಯಿಗೆ ಹೋಗುತ್ತದೆ ಎಂದು ನೀನು ಬರೆದೆಯಲ್ಲ, ಆ ಒಂದು ಸಾಲನ್ನು ದಿನಾ ಓದುತ್ತೇನೆ.

ನಿನ್ನ ಮನೆಯವರೆಲ್ಲ ತಣ್ಣಗಿರಲಿ. ಮೊಮ್ಮಗಳಿಗೆ ಈ ತಾತನ ಆಶೀರ್ವಾದ.

ಯುವರ್ಸ್ ಎವರ್,
ಕೋದಂಡಪ್ಪ

ತಾ.ಕ.: ಪಾರ್ಸೆಲ್ಲಿನಲ್ಲಿ ಎರಡು ಬಾಟಲಿ ಇವೆ. ಒಂದು ಕೆರೆಯದು. ಇನ್ನೊಂದು ಅವಳ ಬಚ್ಚಲ ಡಬ್ಬದಲ್ಲಿ ಉಳಿದಿದ್ದ ಮಣ್ಣು. ಒಂದು ಸಲ ಅವಳು, “ಕೈ ಉರೀತದೆ ಕಣ್ರಿ, ಇದು ಬ್ಯಾಡ, ಒಲೆ ಬೂದಿ ಸಾಕು,” ಎಂದಿದ್ದಳು. “ಕೆಮಿಸ್ಟ್ರಿ ಓದಿದೋನು ನಾನಾ ನೀನಾ? ಪ್ಯೂರ್ ಸಿಲಿಕಾ ಇದು, ಬರೀ ಮರಳು, ಉಜ್ಜು,” ಎಂದೆ. ಉಜ್ಜಿದಳು. ಅದರಲ್ಲಿ ಏನಾದರೂ ಸಿಕ್ಕರೆ, ಬಾಟಲಿ ದಾರಿಯಲ್ಲೇ ಒಡೆದುಹೋಗಿತ್ತು ಎಂದು ಬರೆದುಬಿಡು. ಅವಳ ಸೀರೆಯಲ್ಲಿ ಮೂರು ಸುತ್ತು ಸುತ್ತಿದ್ದೇನೆ, ಒಡೆಯುವುದಿಲ್ಲ.