ಅಪ್ಪನ ಮೂಳೆಯ ಕೋಶಗಳು

ಪ್ರಯೋಗಾಲಯದ ತೊಳೆಯುವ ಕೋಣೆ,
ಮಾರ್ಚ್ ೧೪

ಪ್ರೀತಿಯ ತಮ್ಮಾ,

ಆರೋಗ್ಯವಾಗಿದ್ದೀಯಲ್ಲ? ಇರಲೇಬೇಕು, ಪತ್ರಿಕೆಯ ಫೋಟೋದಲ್ಲಿ ಕೆನ್ನೆ ತುಂಬಿಕೊಂಡಿದೆ. ಹೋಟೆಲಿನ ಊಟ ಮೈಗೆ ಹತ್ತಿದೆ. ಚಿಕ್ಕವನಿದ್ದಾಗ ನೆಗಡಿಯಾದರೆ ನನ್ನ ಅಂಗಿಯ ತೋಳಿಗೇ ಮೂಗು ಒರೆಸುತ್ತಿದ್ದೆ. ಈಗ ಕೋಟಿನ ಜೇಬಿನಲ್ಲಿ ಕರವಸ್ತ್ರವಿದೆ, ಸಂತೋಷ. ಅಪ್ಪ ಕೋಲು ಹಿಡಿದು ಬೀದಿಯ ತುದಿಯವರೆಗೆ ನಡೆಯುತ್ತಾರೆ. ಸೊಂಟದ ಕೀಲು ಬದಲಿಸಿ ಎರಡು ತಿಂಗಳಾಗುತ್ತ ಬಂತು. ಆ ದಿನ ನಿನಗೆ ಪರದೇಶದಲ್ಲಿ ಮೀಟಿಂಗ್ ಇತ್ತು, ನಮಗೆ ಗೊತ್ತು. ಮುಪ್ಪಿನವರ ಸೊಂಟಕ್ಕೆ ಮೀಟಿಂಗ್ ನೋಡಿಕೊಂಡು ಮುರಿಯಬೇಕೆಂಬ ಬುದ್ಧಿ ಇರುವುದಿಲ್ಲ.

ಜೀವನವಿಡೀ ದರ್ಜಿಯಾಗಿದ್ದ ಮನುಷ್ಯ, ಒಂದು ಚೂರು ಬಟ್ಟೆಯನ್ನೂ ಎಸೆದವರಲ್ಲ. ಡಾಕ್ಟರು ಕತ್ತರಿಸಿದ ಮೂಳೆಯನ್ನು ಬಿಸಾಡುತ್ತಾರೆಂದು ತಿಳಿದದ್ದೇ, "ಬಿಸಾಕೋದ್ಯಾಕೆ? ನನ್ನ ಮಗಳ ಆಫೀಸಿಗೆ ಬೇಕಂತೆ, ಕೊಡಿ" ಎಂದು ಕಾಗದಕ್ಕೆ ಸಹಿ ಹಾಕಿದರು. ಫೋನಿನಲ್ಲಿ ನೀನೂ ಹೂಂ ಎಂದೆ. ಹಾಗೆ ಅಪ್ಪನ ಮೂಳೆಯ ಮಜ್ಜೆ ನನ್ನ ಮೇಜಿಗೆ ಬಂತು. ಅದರಲ್ಲಿ ಪ್ಲಾಸ್ಮಾ ಕೋಶಗಳಿದ್ದವು. ಆರನೇ ವಯಸ್ಸಿನಲ್ಲಿ ಬಂದಿದ್ದ ದಡಾರವನ್ನು ನೆನಪಿಟ್ಟುಕೊಂಡು, ಅರವತ್ತೈದು ವರ್ಷದಿಂದ ಅದಕ್ಕೆ ಎದುರಾಗುವ ಪ್ರತಿಕಾಯಗಳನ್ನು ಒಂದೇ ಸಮನೆ ಮಾಡುತ್ತ ಕೂತಿದ್ದವು. ರಕ್ತಕ್ಕೆ ಬರುವ ಇಂಥ ಎಳೆಯ ಕೋಶಗಳಲ್ಲಿ ಬಹುಪಾಲು ನಾಲ್ಕಾರು ದಿನದಲ್ಲೇ ಸಾಯುತ್ತವೆ. ಮಜ್ಜೆಯಲ್ಲಿ ಜಾಗ ಸಿಕ್ಕವು ಮಾತ್ರ ಬಾಳುತ್ತವೆ. ಆ ಜಾಗದಲ್ಲಿ ಏನಿದೆ ಎನ್ನುವುದೇ ನಮ್ಮ ಪ್ರಯೋಗಾಲಯದ ತಲೆನೋವು. ಹೊರಗೆ ತೆಗೆದು ಗಾಜಿನ ತಟ್ಟೆಗೆ ಹಾಕಿದರೆ ಮರುದಿನ ಬರೀ ಹೆಣ. "ಅಕ್ಕಾ, ಅವು ಸಾಯೋದಕ್ಕೇ ಇರೋದು. ಬೇಗ ಬೇಗ ಎಣಿಸಿ ಎಸೆದುಬಿಡು" ಎಂದು ಇದೇ ಪ್ರಯೋಗಾಲಯದ ವಿಜ್ಞಾನಿಯಾದ ನೀನು ಹನ್ನೊಂದು ವರ್ಷದಿಂದ ಹೇಳುತ್ತ ಬಂದೆ. ಆ ಒಂದು ಮಾತಿನ ಮೇಲೇ ನಿನಗೆ ಎರಡು ಬಡ್ತಿ ಸಿಕ್ಕಿತು.

ಅಪ್ಪನವನ್ನು ಎಣಿಸಿ ಎಸೆಯಲು ನನಗೆ ಕೈ ಬರಲಿಲ್ಲ. ಪಕ್ಕದ ತಟ್ಟೆಯಲ್ಲಿ ಮಜ್ಜೆಯ ಆಧಾರಕೋಶಗಳನ್ನು ಬೆಳೆಸುತ್ತಿದ್ದೆ. ಮಜ್ಜೆಯಲ್ಲಿ ಇವೆರಡೂ ಮಗ್ಗುಲಿಗೆ ಮಗ್ಗುಲು ಇರುವಂಥವು. ಆಧಾರಕೋಶಗಳು ಉಂಡು ಬಿಟ್ಟ ದ್ರವವನ್ನು ದಿನವೂ ಸಿಂಕಿಗೆ ಸುರಿಯುವುದು ನಿಯಮ. ಅವತ್ತು ಸುರಿಯಲಿಲ್ಲ, ಅಪ್ಪನ ಕೋಶಗಳ ಮೇಲೆ ಹಾಕಿದೆ. ಮೂಳೆಯ ಒಳಗೆ ಗಾಳಿ ಕಡಿಮೆಯಲ್ಲವೇ ಎಂದು ಆಮ್ಲಜನಕ ತಗ್ಗಿಸಿದ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ನೂರಕ್ಕೆ ಎಂಬತ್ತು ಬದುಕಿದ್ದವು. ಮೂರನೆಯ ದಿನವೂ ಇದ್ದವು. ನಿನಗೆ ಫೋನ್ ಮಾಡಿದೆ. ನೀನು ನಕ್ಕೆ. "ಎಂಜಲು ನೀರಲ್ಲಿ ಸಂಶೋಧನೆ ಆಗಲ್ಲ ಅಕ್ಕಾ. ಸುಮ್ನೆ ಸಿಂಕಿಗೆ ಸುರಿ." ನಿನ್ನ ಹಿಂದೆ ಯಾರೋ ನಗುವುದೂ ಕೇಳಿಸಿತು.

ಸುರಿಯಲಿಲ್ಲ. ಭಾನುವಾರವೂ ಬಂದು ದ್ರವ ಬದಲಿಸಿದೆ. ಹೊಸದಾಗಿ ಲಸಿಕೆ ಹಾಕಿಸಿಕೊಂಡ ನರ್ಸಮ್ಮನ ರಕ್ತದಿಂದ ಎಳೆಯ ಕೋಶಗಳನ್ನು ತೆಗೆದು ಅದೇ ದ್ರವದಲ್ಲಿಟ್ಟೆ. ಅವು ಬರೀ ಬದುಕಲಿಲ್ಲ, ಮಾಗಿದವು. ಮೂರು ವಾರದಲ್ಲಿ ಕೋಶದ ನಡುವಿನ ಬೀಜ ಬಿಗಿದುಕೊಂಡು, ನೋಡಲು ಅಪ್ಪನವುಗಳ ಹಾಗೇ ಆದವು. ಅಂದರೆ ಗಟ್ಟಿತನ ಹುಟ್ಟುತ್ತಲೇ ಬರುವುದಲ್ಲ, ಇರುವ ಜಾಗ ಕಲಿಸುತ್ತದೆ. ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ನೋಡಿದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೇಳಿಕೊಳ್ಳಲು ನೀನೊಬ್ಬನೇ ಇದ್ದೆ. ಮೂರ್ಖಳ ಹಾಗೆ ನೋಟ್‌ಪುಸ್ತಕದ ಎಲ್ಲ ಪುಟಗಳ ಫೋಟೋ ತೆಗೆದು ನಿನಗೇ ಕಳಿಸಿದೆ.

ಆಮೇಲೆ ನೀನು ವೇದಿಕೆ ಹತ್ತಿದೆ. ಎಂಜಲು ನೀರಿಗೆ ಮಾರುದ್ದದ ಹೆಸರಿಟ್ಟೆ. ಅಪ್ಪ "ಒಬ್ಬ ವೃದ್ಧ ದಾನಿ" ಆದರು. ನಾನು ಕೊನೆಯ ಸಾಲಿನಲ್ಲಿ, ಗಾಜಿನ ಸಾಮಾನು ತೊಳೆದುಕೊಟ್ಟವರ ಜೊತೆ, ಕೃತಜ್ಞತೆಗೆ ಪಾತ್ರಳಾದೆ. ನಮ್ಮ ಮುಖ್ಯಸ್ಥರು, ಅದೇ ಟೈ ಸಾಹೇಬರು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ನಿನ್ನ ಮಾತಿಗೆ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಯಾಕೆ ಹೀಗೆಂದು ನಾನು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆಯಾ? "ನಿನ್ನ ಹೆಸರು ಹಾಕಿದ್ರೆ ಯಾರು ನಂಬ್ತಾರೆ ಅಕ್ಕಾ? ನಿನಗೆ ಡಿಗ್ರಿ ಇಲ್ವಲ್ಲ." ನನಗೆ ಕೋಪ ಬರಲಿಲ್ಲ ಕಣೋ. ಹೇಸಿಗೆಯಾಯಿತು. ಕಳ್ಳನಾದರೂ ಕದ್ದದ್ದನ್ನು ಬಚ್ಚಿಡುತ್ತಾನೆ. ನೀನು ಕಳೆದುಕೊಂಡವಳಿಗೇ ತೋರಿಸಿ, ಚೆನ್ನಾಗಿದೆಯಾ ಎಂದು ಕೇಳುವವನು.

ಮೊನ್ನೆ ಅಪ್ಪ ಭೂತಗನ್ನಡಿ ಹಿಡಿದು ಪತ್ರಿಕೆಯ ಸಂದರ್ಶನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಎಲ್ಲಾ ಕಡೆ ನಾನು ನಾನು ಅಂತಿದ್ದಾನಲ್ಲ ಮಗಳೇ. ನೀನೆಲ್ಲಿ?" ಎಂದರು. ಅವರು ಪತ್ರಿಕೆಯನ್ನು ಬಟ್ಟೆ ಮಡಿಸುವ ಹಾಗೆ ನೀಟಾಗಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಕೋಲು ಕೇಳಿದರು.

ಮೈ ಕಡೆ ಜೋಪಾನ. ಚಳಿಯಲ್ಲಿ ಕಿವಿ ಮುಚ್ಚಿಕೋ. ನಿನ್ನ ಕೆಮ್ಮು ನಿನಗೆ ಗೊತ್ತಾಗದಿದ್ದರೂ ನನಗೆ ಫೋನಿನಲ್ಲಿ ಕೇಳಿಸುತ್ತದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಉಳಿದದ್ದನ್ನು ನೀನೇ ನೋಡಿಕೊಳ್ಳುತ್ತೀ.

ಇಂತಿ,
ಡಿಗ್ರಿ ಇಲ್ಲದ ನಿನ್ನ ಅಕ್ಕ

ತಾ.ಕ.: ಅಂಚೆಯವನು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಾಡಿದ್ದು ದೊಡ್ಡವರ ಸಮಿತಿ ಬರುತ್ತದೆ, ಅಪ್ಪನ ಕೋಶಗಳ ತಟ್ಟೆ ಸಿದ್ಧವಾಗಿರಲಿ ಎಂದು ಹೇಳಿ ಕಳಿಸಿದ್ದೆಯಲ್ಲ. ತಟ್ಟೆ ಇಲ್ಲ. ಇವತ್ತು ಬೆಳಿಗ್ಗೆ ಅಪ್ಪ ಒಬ್ಬರೇ ಆಟೋ ಹಿಡಿದು ಇಲ್ಲಿಗೆ ಬಂದು, ಒಪ್ಪಿಗೆಯನ್ನು ವಾಪಸ್ ಪಡೆದ ಕಾಗದಕ್ಕೆ ಸಹಿ ಹಾಕಿದರು. ಟೈ ಸಾಹೇಬರು ಎಷ್ಟು ಬೇಡಿಕೊಂಡರೂ ಒಂದೇ ಮಾತು: "ನನ್ನ ಮೂಳೆ ಅವಳ ಕೈಗೆ ಕೊಟ್ಟಿದ್ದೆ ಸ್ವಾಮೀ, ಅವನ ಬಾಯಿಗಲ್ಲ." ನಾನು ಕೇಳಿಕೊಂಡಿರಲಿಲ್ಲ. ಬೇಡ ಅಪ್ಪಾ ಎಂದೂ ಅಂದೆ. ಒಪ್ಪಿಗೆ ಹೋದ ಮೇಲೆ ಕೋಶಗಳನ್ನು ನಾಶ ಮಾಡಬೇಕೆಂಬುದು ನಿಯಮ. ಅದು ನನ್ನ ಕೆಲಸ. ಅವು ತಟ್ಟೆಗೆ ಬಂದು ಇವತ್ತಿಗೆ ಐವತ್ತಾರನೆಯ ದಿನ. ಸುರಿಯುವ ಮುಂಚೆ ಒಮ್ಮೆ ನೋಡಿದೆ. ಬದುಕಿದ್ದವು.